ಹುಡುಕದೆ ಸಿಕ್ಕ ತಪ್ಪು

ಗೂಳಿ,

ಅಮ್ಮ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಸಿಟ್ಟು ಬಂದರೆ ನೀನು ತಲೆ ತಗ್ಗಿಸಿಕೊಂಡು ನುಗ್ಗುತ್ತಿದ್ದೆ, ಎದುರಿಗೆ ಗೋಡೆ ಇದೆಯೋ ಮನುಷ್ಯ ಇದ್ದಾನೋ ನೋಡುತ್ತಿರಲಿಲ್ಲ. ಅದಕ್ಕೆ ಆ ಹೆಸರು. ಅಮ್ಮ ಹೋದ ಮೇಲೆ ಹಾಗೆ ಕರೆಯುವವಳು ನಾನೊಬ್ಬಳೇ.

ಸೋಮವಾರ ನನ್ನನ್ನು ಸಾಕ್ಷಿ ಹೇಳಲು ಕರೆಯುತ್ತಾರೆ. ಅಲ್ಲಿ ನಾನು ಏನು ಹೇಳುತ್ತೇನೋ ಅದರ ಮೇಲೆ ನೀನು ಮನೆಗೆ ಬರುವುದೋ ಒಳಗೇ ಉಳಿಯುವುದೋ ನಿಂತಿದೆಯಂತೆ. ಅದನ್ನು ನೀನು ನಾಲ್ಕು ಜನರ ನಡುವೆ ಕೂತು ಮೊದಲ ಸಲ ಕೇಳಬಾರದು. ಒಡಹುಟ್ಟಿದವನಿಗೆ ಅಷ್ಟಾದರೂ ಮರ್ಯಾದೆ ಸಲ್ಲಬೇಕು. ಈ ಪತ್ರವನ್ನು ಭೇಟಿಯ ದಿನ ನಿನ್ನ ಹೆಂಡತಿ ತರುತ್ತಾಳೆ. ಅವಳು ಓದಿಲ್ಲ. ಕೊಡುವ ಮೊದಲು ಕಾವಲಿನವರು ಓದುತ್ತಾರಂತೆ, ಓದಿಕೊಳ್ಳಲಿ.

ನನ್ನ ಬಾಯಿಯ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಎಡಗಡೆ ಎರಡು ಹಲ್ಲು ಹೋಗಿವೆ. ತುಟಿಯ ಹೊಲಿಗೆ ಬಿಚ್ಚಿದ್ದಾರೆ. ‘ಸ’ ಅನ್ನುವಾಗ ಗಾಳಿ ಸೋರುತ್ತದೆ. ಕಾಲೇಜಿನಲ್ಲಿ ಹುಡುಗರು ಪುಸ್ತಕದಲ್ಲಿ ಮುಖ ಹುದುಗಿಸಿ ನಗುತ್ತಾರೆ, ನನಗೂ ನಗು ಬಂದುಬಿಡುತ್ತದೆ. ನೀನು ಹೇಳಿಕಳಿಸಿದ ಮಾತು ತಲುಪಿತು. “ಅಕ್ಕನ ಹಲ್ಲಿಗೆ ಕ್ಷಮೆ ಕೇಳ್ದೆ ಅಂತ ಹೇಳು. ಅವಳಾಗೇ ಅಡ್ಡ ಬಂದ್ಲು, ಬೇಕೂಂತ ಮಾಡಿದ್ದಲ್ಲ.” ಕ್ಷಮಿಸಿದೆ. ಅದು ಅಲ್ಲಿಗೆ ಮುಗಿಯಿತು. ಆದರೆ ಹಲ್ಲಿಗೆ ಮಾತ್ರ ಕೇಳಿದೆಯಲ್ಲೋ. ಆ ಹುಡುಗಿಯ ಬಗ್ಗೆ ನಿನ್ನ ಬಾಯಿಂದ ಒಂದು ಅಕ್ಷರ ಬಂದಿದ್ದರೂ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ.

ನೀನು ಮೇಲ್ವಿಚಾರಕನಾಗಿದ್ದ ಸಿಲಿಂಡರ್ ಪರೀಕ್ಷೆಯ ಶೆಡ್ಡಿಗೆ ನನ್ನನ್ನು ಕರೆದುಕೊಂಡು ಹೋದವನು ನೀನೇ. “ಅಕ್ಕಾ, ನಮ್ಮೋರಿಗೆ ಕೆಲಸ ಬರುತ್ತೆ, ವರದಿ ಬರೆಯೋಕೆ ಬರಲ್ಲ. ಸಿಲಿಂಡರ್ ತಗೊಳ್ಳೋ ಕಂಪನಿಯೋರು ಇಂಗ್ಲಿಷಲ್ಲೇ ಬೇಕು ಅಂತಾರೆ. ಶನಿವಾರ ಮಧ್ಯಾಹ್ನ ಬಂದು ನಾಲ್ಕು ಮಾತು ಕಲಿಸು. ಕವಿತೆ ಗಿವಿತೆ ಶುರು ಮಾಡ್ಬೇಡ ಮತ್ತೆ!” ನಾನು ಬಂದೆ. ಕಾಲೇಜಿನ ತರಗತಿಗಿಂತ ಅಲ್ಲಿನ ಊಟದ ಕೋಣೆ ನನಗೆ ಇಷ್ಟವಾಯಿತು. ಉದ್ದದ ತಗಡಿನ ಮೇಜು, ಗೋಡೆಯ ಉದ್ದಕ್ಕೂ ನೇತುಹಾಕಿದ ಕೈಗವಸುಗಳು, ತೆರೆದ ಬಾಗಿಲಿನಾಚೆ ಸಾಲು ಸಾಲಾಗಿ ನಿಂತ ಗ್ಯಾಸ್ ಸಿಲಿಂಡರ್‌ಗಳು, ಪ್ರಾರ್ಥನೆಗೆ ನಿಂತ ಶಾಲೆಯ ಮಕ್ಕಳ ಹಾಗೆ.

ನನಗೆ ನೀನೇ ಎಲ್ಲ ತೋರಿಸಿದೆ. ಹಳೆಯ ಸಿಲಿಂಡರ್ ಒಳಗೆ ಬರುತ್ತದೆ. ತೊಳೆಯುತ್ತಾರೆ. ಸಣ್ಣ ಸುತ್ತಿಗೆಯಿಂದ ಮೈಮೇಲೆ ತಟ್ಟಿ ಕೇಳುತ್ತಾರೆ: ಗಟ್ಟಿ ಇದ್ದರೆ ಗಂಟೆಯ ಹಾಗೆ ಉಲಿಯುತ್ತದೆ, ಒಳಗೆ ತುಕ್ಕು ತಿಂದಿದ್ದರೆ ಸ್ವರ ಸತ್ತಿರುತ್ತದೆ. ಆಮೇಲೆ ನೀರು ತುಂಬಿ ಪಂಪಿನಿಂದ ಒತ್ತಡ ಕೊಡುತ್ತಾರೆ. ತಡೆದುಕೊಂಡರೆ ಕತ್ತಿನ ಹತ್ತಿರ ಆ ತಿಂಗಳ ಗುರುತನ್ನು ಅಚ್ಚು ಹೊಡೆಯುತ್ತಾರೆ. ಬಣ್ಣ ಬಳಿದು ಹೊರಗೆ ಹೋಗುವ ಸಾಲಿಗೆ ಸೇರಿಸುತ್ತಾರೆ. “ಈ ಗುರುತು ನೋಡೇ ಜನ ಇದರ ಪಕ್ಕ ಮಲಗ್ತಾರೆ ಅಕ್ಕಾ” ಅಂದಿದ್ದೆ. ಆಸ್ಪತ್ರೆಯ ಮಂಚದ ತಲೆಯ ಹತ್ತಿರ ನಿಲ್ಲುವ ಆಕ್ಸಿಜನ್ ಸಿಲಿಂಡರ್ ಅದು. ನಿನ್ನ ದನಿಯಲ್ಲಿ ಹೆಮ್ಮೆ ಇತ್ತು. ಅದು ಸುಳ್ಳು ಹೆಮ್ಮೆ ಅಂತ ನಾನು ಇವತ್ತಿಗೂ ಹೇಳುವುದಿಲ್ಲ.

ಯಾಕೆಂದರೆ ಅದು ಸಿಡಿದರೆ ಏನಾಗುತ್ತದೆ ಎಂದು ನಿನ್ನಷ್ಟು ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿ ಇನ್ನೊಬ್ಬರಿರಲಿಲ್ಲ. ಗಾಳಿ ತುಂಬುವ ಕಡೆ ಸಿಲಿಂಡರ್ ಸಿಡಿದು ನಿಮ್ಮ ಹಳೇ ಮೇಸ್ತ್ರಿ ಸತ್ತ ಸಂಜೆ ನೀನು ನಿನ್ನ ಮನೆಗೆ ಹೋಗದೆ ನನ್ನ ಮನೆಗೆ ಬಂದೆ. ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ನಿಂತೇ ಇದ್ದೆ, ನೀರು ತಿಳಿಯಾದ ಮೇಲೂ. “ಚಾವಣಿ ತಗಡು ಹರಿದೋಗಿತ್ತು. ಅವರ ಬೂಟು ಸಿಕ್ತು ಅಕ್ಕಾ. ಎತ್ಕೊಂಡೆ. ಭಾರ ಇತ್ತು. ಒಳಗೆ ಪಾದ ಇತ್ತು.” ಅಷ್ಟು ಹೇಳಿ ಅನ್ನ ಕೇಳಿದೆ. ತಟ್ಟೆಯ ಮುಂದೆ ಕೂತು ಮಗುವಿನ ಹಾಗೆ ಅತ್ತೆ. ಪರೀಕ್ಷೆಯೇ ಮಾಡದ ಸಿಲಿಂಡರ್‌ಗೆ ಯಾರೋ ಗುರುತು ಹೊಡೆದು ಕಳಿಸಿದ್ದರು ಎಂದು ನೀನೇ ಹೇಳಿದ್ದು. ಅಂಥವನನ್ನು ನಿಲ್ಲಿಸಿ ಸುಡಬೇಕು ಎಂದವನೂ ನೀನೇ.

ಈಗ ಆ ಪಾಠದ ದಿನಕ್ಕೆ ಬರುತ್ತೇನೆ. ತಪ್ಪು ಸಿಕ್ಕಿತು ಎಂದು ಹೇಳಲು ಇಂಗ್ಲಿಷಿನಲ್ಲಿ ಇರುವ ಮಾತುಗಳನ್ನು ಅಂದು ಕಲಿಸುತ್ತಿದ್ದೆ. ಫೈಂಡ್ ಔಟ್ ಅಂದರೆ ಬೇಕೆಂದೇ ಹುಡುಕಿ, ಕೆದಕಿ ತಿಳಿದದ್ದು. ಕಮ್ ಅಕ್ರಾಸ್ ಅಂದರೆ ನಮ್ಮ ಪಾಡಿಗೆ ನಾವು ಹೋಗುವಾಗ ಎದುರಾದದ್ದು. ಸ್ಟಂಬಲ್ ಅಪಾನ್ ಅಂದರೆ ಎಡವಿದಾಗ ಸಿಕ್ಕಿದ್ದು. ರನ್ ಇಂಟು, ಬಂಪ್ ಇಂಟು, ಎರಡರಲ್ಲೂ ಡಿಕ್ಕಿ. ಬರೆಯುತ್ತಾ ಹೋದಂತೆ ನನಗೇ ಆಶ್ಚರ್ಯವಾಯಿತು. ಆ ಭಾಷೆಯಲ್ಲಿ ನೆನೆಸದೆ ತಪ್ಪು ಸಿಗಬೇಕಾದರೆ ಮೈಗೆ ಒಂದು ಪೆಟ್ಟು ಬೀಳಲೇಬೇಕೇನೋ! ನಮ್ಮಲ್ಲಿ ತಪ್ಪು ತಾನಾಗಿ ಬಂದು ಕಣ್ಣಿಗೆ ಬೀಳುತ್ತದೆ, ನೋಡಿದವನು ನಿಂತಲ್ಲೇ ನಿಂತಿರುತ್ತಾನೆ. ಇದನ್ನು ಹೇಳಿದ್ದಕ್ಕೆ ಪೇಂಟರಣ್ಣ ಕೈ ಎತ್ತಿದರು. “ಅಲ್ಲ ಮೇಡಂ, ತಪ್ಪು ಮಾಡಿದೋನು ಎಡವಬೇಕು. ಅದನ್ನ ನೋಡಿದೋನು ಯಾಕೆ ಎಡವ್ತಾನೆ? ಇದ್ಯಾವ ನ್ಯಾಯ?” ಸಿಲಿಂಡರ್ ತೊಳೆಯುವ ಅಕ್ಕ ಬಿಡುತ್ತಾಳೆಯೇ? “ನಮ್ಮ ಯಜಮಾನ್ರನ್ನ ಹುಡುಕಿ ತಂದಿದ್ದು ನಮ್ಮಪ್ಪ, ಅದು ಫೈಂಡ್ ಔಟು. ತಪ್ಪು ಅಂತ ಗೊತ್ತಾಗಿದ್ದು ನನಗೆ, ಅದು ಕಮ್ ಅಕ್ರಾಸು. ಸರೀನಾ ಮೇಡಂ?” ಇಡೀ ಮೇಜು ನಕ್ಕಿತು. ಬಾಗಿಲಿಗೆ ಒರಗಿ ನಿಂತಿದ್ದ ನೀನೂ ನಕ್ಕೆ.

ಆ ಹುಡುಗಿ ಮಾತ್ರ ನಗಲಿಲ್ಲ. ತಟ್ಟಿ ಕೇಳುವ ಕೆಲಸದ ಹುಡುಗಿ, ನೀವೆಲ್ಲ ‘ಗಂಟೆ’ ಎಂದು ಕರೆಯುತ್ತಿದ್ದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನೇ ಆ ಹೆಸರಿಟ್ಟೆ, “ಇವಳ ಕಿವಿ ಮುಂದೆ ಮೆಷಿನ್ನೂ ಇಲ್ಲ” ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಪಾಠ ಮುಗಿದ ಮೇಲೆ ಅವಳು ಒಂದು ಹಾಳೆ ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದಳು. ಅವತ್ತಿನ ವರದಿ. ಇಂಗ್ಲಿಷಿನಲ್ಲಿ ಬರೆದಿದ್ದಳು, ಎರಡು ಹೆರಿಗೆಯ ನೋವು ತಿಂದ ಹಾಗೆ ಬೆವತಿದ್ದಳು. ಹೊರಗೆ ಹೋಗುವ ಸಾಲಿನಲ್ಲಿ ಮುಂದಿನ ತಿಂಗಳ ಅಚ್ಚು ಇರುವ ಒಂದು ಸಿಲಿಂಡರ್ ಎದುರಾಯಿತು ಎನ್ನುವ ಒಂದು ವಾಕ್ಯ. ಕಮ್ ಅಕ್ರಾಸ್ ಎಂದೇ ಹಾಕಿದ್ದಳು. “ಮೇಡಂ, ಇದು ಇಲ್ಲಿ ಸರಿಯಾಗುತ್ತಾ? ನಾನು ಹುಡುಕ್ತಾ ಇರಲಿಲ್ಲ. ಊಟ ಮಾಡ್ತಾ ಅದಕ್ಕೆ ಒರಗಿ ಕೂತಿದ್ದೆ. ಸುಮ್ಮನೆ ಚಮಚದಲ್ಲಿ ತಟ್ಟಿದೆ, ಸ್ವರ ಸತ್ತಿತ್ತು. ಎದ್ದು ನೋಡಿದ್ರೆ ಇನ್ನೂ ಬರದೇ ಇರೋ ತಿಂಗಳು.”

ಇನ್ನೂ ಬಾರದ ತಿಂಗಳಲ್ಲಿ ಪರೀಕ್ಷೆ ಮುಗಿಸಿದ ಸಿಲಿಂಡರ್! ನಾನು ಮೊದಲು ನಕ್ಕೆ. ಅವಳೇ ಬಿಡಿಸಿ ಹೇಳಿದಳು. ತಿಂಗಳ ಕೊನೆಗೆ ಕೆಲಸ ಮುಂದಿರಲಿ ಎಂದು ನೀನು ಕಾಯುತ್ತಿರುವ ಸಿಲಿಂಡರ್‌ಗಳಿಗೂ ಮುಂದಿನ ತಿಂಗಳ ಅಚ್ಚನ್ನು ಮೊದಲೇ ಹೊಡೆಸುತ್ತಿದ್ದೆ, ಪಂಪು ಬಿಡುವಾದಾಗ ನೀರಿನ ಪರೀಕ್ಷೆ ಮಾಡಿದರಾಯಿತು ಎಂದು. ಅಚ್ಚು ಕಂಡ ಪೇಂಟರಣ್ಣ ಪರೀಕ್ಷೆ ಆಗಿದೆ ಎಂದುಕೊಂಡು ಬಣ್ಣ ಬಳಿದರು. ಬಣ್ಣ ಕಂಡವರು ಹೊರಗಿನ ಸಾಲಿಗೆ ಉರುಳಿಸಿದರು. ಒಬ್ಬರೂ ಕೆಟ್ಟವರಲ್ಲ, ಒಬ್ಬರೂ ಸೋಮಾರಿಗಳಲ್ಲ. “ಈ ಅಚ್ಚಿನ ತಿಂಗಳು ಇನ್ನೂ ಬಂದಿಲ್ಲ, ಅದಕ್ಕೆ ಕಂಡಿತು ಮೇಡಂ. ಹೋದ ತಿಂಗಳುಗಳಲ್ಲಿ ಹೀಗೇ ಹೋಗಿರೋದು ಹೇಗೆ ಕಾಣುತ್ತೆ? ಎಲ್ಲಾ ಒಂದೇ ಬಣ್ಣ, ಎಲ್ಲಾ ಸರಿಯಾದ ತಿಂಗಳು.” ಅವಳ ತುಟಿ ಒಣಗಿತ್ತು. ಹುಡುಕಿದಾಗ ಸಿಕ್ಕಿದ್ದರೆ ನಿಮ್ಮ ತಪಾಸಣೆಯ ಜರಡಿ ಗಟ್ಟಿಯಾಗಿದೆ ಎಂದರ್ಥ. ಹುಡುಕದೆ ಸಿಕ್ಕಿತು ಅಂದರೆ ಜರಡಿಯಲ್ಲೇ ತೂತು, ಹೊರಗೆ ಹೋದದ್ದನ್ನೆಲ್ಲ ವಾಪಸು ತರಿಸಬೇಕು. ಅವಳು ಬರೆದ ವಾಕ್ಯ ಅಷ್ಟು ಹೇಳುತ್ತಿತ್ತು, ಅವಳಿಗೆ ಅದು ಗೊತ್ತಿತ್ತು. ವಾಕ್ಯ ಸರಿಯಾಗಿದೆ ಎಂದು ನಾನು ಹೇಳಿದೆ.

ಆಗ ನೀನು ಬಂದೆ. ಅವಳ ಭುಜದ ಮೇಲಿಂದ ಬಗ್ಗಿ ಓದಿದೆ. ಓದಿದ್ದು ನಿನಗೆ ತಕ್ಷಣ ಅರ್ಥವಾಯಿತು, ನಿನ್ನ ಕುತ್ತಿಗೆಯ ನರ ನೋಡಿಯೇ ನನಗೆ ತಿಳಿಯಿತು. ಮೆತ್ತಗೆ ಹೇಳಿದೆ: “ಇದನ್ನ ತೆಗಿ. ತಪಾಸಣೆಯಲ್ಲಿ ಕಂಡುಬಂತು ಅಂತ ಬರಿ. ಮುಗೀತು.” ಅವಳು ತಲೆ ಎತ್ತದೆ, “ಅಣ್ಣಾ, ತಪಾಸಣೆ ಮಾಡಿದ್ರೆ ತಾನೇ ಕಂಡುಬರೋದು?” ಅಂದಳು. ಕೊಬ್ಬಿನಿಂದ ಅಂದದ್ದಲ್ಲ. ಹೆದರಿಕೆಗೆ ಬಾಯಿ ತಪ್ಪಿ ಬಂದ ತಮಾಷೆ. ಕೈ ತೊಳೆಯುತ್ತಿದ್ದ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ನಕ್ಕರು. ನೀನೂ ಮುಗುಳ್ನಕ್ಕೆ. ನಕ್ಕಿದ್ದನ್ನು ನಾನು ನೋಡಿದೆ, ಸದ್ಯ ಮುಗಿಯಿತು ಎಂದುಕೊಂಡೆ.

ನಿನ್ನ ಜೇಬಿನಲ್ಲಿದ್ದ ಸಣ್ಣ ಸುತ್ತಿಗೆ ಯಾವಾಗ ಕೈಗೆ ಬಂತೋ ಕಾಣಲಿಲ್ಲ. ಪೆನ್ನು ಹಿಡಿದಿದ್ದ ಅವಳ ಕೈ ಮೇಜಿನ ಮೇಲಿತ್ತು. ಹಸಿ ಕಡ್ಡಿ ಮುರಿದ ಶಬ್ದ. ಅವಳು ಬಾಯಿ ತೆರೆದುಕೊಂಡು ಕೈಯನ್ನೇ ನೋಡಿದಳು, ಬೆರಳುಗಳ ನಡುವೆ ಪೆನ್ನು ಇನ್ನೂ ಇತ್ತು. ಎರಡನೆಯ ಏಟಿಗೆ ಗೆಣ್ಣಿನ ಮೂಳೆ ಚರ್ಮ ಹರಿದು ಹೊರಗೆ ಬಂತು. ಆಮೇಲೆ ಕೂದಲು ಹಿಡಿದು ಅವಳ ತಲೆಯನ್ನು ಮೇಜಿನ ಅಂಚಿಗೆ ಬಡಿದೆ. ಬಲಗಡೆಯ ಕಿವಿಯೇ ಅಂಚಿಗೆ ತಗಲುವ ಹಾಗೆ. ಒಮ್ಮೆ ಅಲ್ಲ. ತಗಡಿನ ಮೇಜು ಪ್ರತಿ ಸಲವೂ ಉಲಿಯಿತು. ಕಿವಿಯಿಂದ ನೆತ್ತರು ಕತ್ತಿಗೆ ಇಳಿಯಿತು. ಅವಳು ಕೆಳಗೆ ಬಿದ್ದಳು. ಕಬ್ಬಿಣದ ಮೂತಿಯ ಆ ಕೆಲಸದ ಬೂಟಿನಲ್ಲಿ ನೀನು ಪಕ್ಕೆಗೆ ಒದೆಯತೊಡಗಿದೆ. ನಾನು ನಿನ್ನ ತೋಳಿಗೆ ಜೋತುಬಿದ್ದೆ, ಮೊಳಕೈ ಬಂದು ನನ್ನ ಬಾಯಿಗೆ ಬಡಿಯಿತು, ಹಲ್ಲು ನಾಲಿಗೆಯ ಮೇಲೆ ಕಲ್ಲಿನ ಚೂರಿನ ಹಾಗೆ ಹೊರಳಿದವು.

ಕೆಳಗೆ ಕೂತು ನೋಡಿದಾಗ ಕಂಡದ್ದು ನಿನ್ನ ಮುಖ. ಅದನ್ನು ನಾನು ಇನ್ನೂ ಯಾರಿಗೂ ಹೇಳಿಲ್ಲ. ಅದರಲ್ಲಿ ಸಿಟ್ಟಿರಲಿಲ್ಲ. ಹಿಡಿದ ಕೆಲಸ ಮುಗಿಸುವವನ ಮುಖ ಅದು, ಶಾಂತವಾಗಿತ್ತು, ತುಸು ದಣಿದಿತ್ತು. ಒದೆಯುವ ಕಾಲು ಬದಲಿಸಿಕೊಂಡೆ. ನನಗೆ ಅತ್ಯಂತ ಭಯವಾದದ್ದು ಆಗ.

ಪೇಂಟರಣ್ಣ ಸ್ಟೂಲು ಎತ್ತಿ ನಿನ್ನ ಬೆನ್ನಿಗೆ ಹೊಡೆದರು, ನೀನು ಅಲುಗಲಿಲ್ಲ. ಕೊನೆಗೆ ತೊಳೆಯುವ ಅಕ್ಕ ಹೊರಗಿನಿಂದ ಪೈಪು ಎಳೆದು ತಂದಳು, ತುಕ್ಕು ಕಿತ್ತು ಬರುವಷ್ಟು ರಭಸದ ನೀರಿನ ಪೈಪು. ಎದೆಗೆ ನೇರ ಹಿಡಿದಳು. ನೀನು ಹಿಂದಕ್ಕೆ ಹಾರಿ ಗೋಡೆಗೆ ಬಡಿದು ಬಿದ್ದೆ. ಅವಳು ನಿಲ್ಲಿಸಲಿಲ್ಲ. “ಏಳ್ತೀಯಾ? ಏಳೋ, ಏಳು ನೋಡೋಣ!” ಎಂದು ಕಿರುಚುತ್ತಾ ಮುಖಕ್ಕೆ ಹಿಡಿದಳು, ನಿನಗೆ ಉಸಿರು ಕಟ್ಟುವ ತನಕ. ನೆಲದ ಮೇಲೆ ನೀರು ತೆಳು ಕೆಂಪಾಗಿ ಬಾಗಿಲ ಕಡೆ ಹರಿಯಿತು, ವರದಿಯ ಹಾಳೆ ಅದರ ಮೇಲೆ ತೇಲಿಕೊಂಡು ಹೋಗಿ ಹೊಸ್ತಿಲಿಗೆ ಅಂಟಿಕೊಂಡಿತು.

ಇಷ್ಟನ್ನು ನೀನು ಬಲ್ಲೆ. ಮುಂದಿನದನ್ನು ಬಲ್ಲೆಯೋ ಇಲ್ಲವೋ ಗೊತ್ತಿಲ್ಲ. ಆ ಹುಡುಗಿಗೆ ಬಲಗಿವಿ ಇನ್ನು ಕೇಳಿಸುವುದಿಲ್ಲ. ಎಡಗಿವಿಯಲ್ಲಿ ಯಾವಾಗಲೂ ಕುಕ್ಕರ್ ಕೂಗಿದ ಹಾಗೆ ಸದ್ದಂತೆ. ಕೈಗೆ ಕಂಬಿ ಹಾಕಿದ್ದಾರೆ, ಹೆಬ್ಬೆರಳು ಮತ್ತು ತೋರುಬೆರಳು ಒಂದನ್ನೊಂದು ಮುಟ್ಟುವುದಿಲ್ಲ. ನಾನು ನೋಡಲು ಹೋಗಿದ್ದೆ. ನಿನ್ನ ಅಕ್ಕ ಎಂದು ಅವಳ ತಾಯಿ ಬಾಗಿಲಲ್ಲೇ ನನ್ನ ಕೆನ್ನೆಗೆ ಹೊಡೆದರು. ಹೊಲಿಗೆ ಹಾಕಿದ ಕಡೆಗೇ ಬಿತ್ತು. ಆಮೇಲೆ ಆಕೆಯೇ ಕೂರಿಸಿ ನೀರು ಕೊಟ್ಟರು. ಹುಡುಗಿ ನನ್ನ ತುಟಿ ನೋಡಿಕೊಂಡು ಮಾತು ಹಿಡಿಯುತ್ತಿದ್ದಳು. ಅವಳು ಕೇಳಿದ್ದು ಒಂದೇ: “ಆ ಸಾಲು ಲಾರಿಗೆ ಹೋಯ್ತಾ ಮೇಡಂ?” ಹೋಗಿತ್ತು. ನೀನು ಠಾಣೆಯಲ್ಲಿ ಕೂತಿರುವಾಗಲೇ ಹೋಗಿತ್ತು. ನಾನು ಕಣ್ಣು ತಪ್ಪಿಸಿದೆ, ಅವಳಿಗೆ ಅಷ್ಟು ಸಾಕಾಯಿತು.

ಶೆಡ್ಡು ನಡೆಸುವ ನಿಮ್ಮ ಕಂಪನಿಯ ವಕೀಲರು ನನ್ನ ಮನೆಗೆ ಬಂದರು. ಒಳ್ಳೆಯ ಮಾತುಗಾರರು, ಕಪಾಟಿನ ಪುಸ್ತಕಗಳನ್ನು ನೋಡಿ ತಲೆದೂಗಿದರು, ಒಂದು ಕವನ ಸಂಕಲನ ಕೈಗೆತ್ತಿಕೊಂಡು ಹಾಳೆ ತಿರುವಿದರು. ಪೇಂಟರಣ್ಣ ಈಗಾಗಲೇ ಹೇಳಿಕೆ ಕೊಟ್ಟಿದ್ದಾರಂತೆ: ನಾನು ಬಣ್ಣದ ಕಡೆ ತಿರುಗಿದ್ದೆ, ಏನೂ ನೋಡಲಿಲ್ಲ. ತೊಳೆಯುವ ಅಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ, ಅವಳ ಮಾತಿಗೆ ಬೆಲೆ ಇಲ್ಲವಂತೆ, ನಿನ್ನ ಮೇಲೆ ನೀರು ಹಾಯಿಸಿದ್ದಕ್ಕೆ ಅವಳ ಮೇಲೆಯೇ ದೂರು. ಉಳಿದವಳು ನಾನು. “ಎರಡೇ ಮಾತು ಮೇಡಂ. ಹುಡುಗಿಗೆ ಇಂಗ್ಲಿಷಿನ ಆ ಪದಗಳ ವ್ಯತ್ಯಾಸ ಗೊತ್ತಿರಲಿಲ್ಲ, ತಪಾಸಣೆಯಲ್ಲಿ ಕಂಡದ್ದನ್ನೇ ತಪ್ಪಾಗಿ ಬರೆದಳು. ನೀವು ಕಲಿಸಿದವರು, ನೀವು ಹೇಳಿದರೆ ಯಾರೂ ಎದುರಾಡಲ್ಲ. ಇನ್ನೊಂದು, ಮಾತಿಗೆ ಮಾತು ಬೆಳೀತು, ತಳ್ಳಾಟದಲ್ಲಿ ಅವಳು ಎಡವಿ ಮೇಜಿನ ಮೇಲೆ ಬಿದ್ದಳು.” ಹಾಳೆಯಲ್ಲಿ ಅದನ್ನೆಲ್ಲ ಅಂದವಾಗಿ ಬೆರಳಚ್ಚು ಮಾಡಿಸಿ ತಂದಿದ್ದರು, ಯೋಚಿಸಿ ಸಹಿ ಹಾಕಿ ಎಂದು ಇಟ್ಟು ಹೋದರು.

ಅವರು ಹೋದ ಮೇಲೆ ನಿನ್ನ ಹೆಂಡತಿ ಬಂದಳು. ಅವಳನ್ನು ಬೈಯುವುದಿಲ್ಲ, ಅವಳ ಜಾಗದಲ್ಲಿ ನಾನಿದ್ದರೂ ಬರುತ್ತಿದ್ದೆ. ಸೆರಗಿನಲ್ಲಿ ಮುಖ ಒರೆಸಿಕೊಂಡು, “ಮನೆಗೆ ಮಾರಿ ಊರಿಗೆ ಉಪಕಾರಿ ಆಗ್ಬೇಡಿ ಅತ್ತಿಗೆ” ಅಂದಳು. ಆಮೇಲೆ ನಿನ್ನ ಮಾತು ತಲುಪಿಸಿದಳು, ನಿನ್ನ ದನಿಯಲ್ಲೇ, ಅವಳಿಗೆ ಅದು ಚೆನ್ನಾಗಿ ಬರುತ್ತದೆ: “ಒಂದು ಪದಕ್ಕೆ ನೂರು ಅರ್ಥ ಹೇಳ್ತಾ ಜೀವನ ಮಾಡಿದೋಳು ನೀನು. ಕವಿತೆ ಓದೋಳು. ನಿನ್ನ ತಮ್ಮನಿಗೋಸ್ಕರ ಒಂದು ಪದಕ್ಕೆ ಇನ್ನೊಂದು ಅರ್ಥ ಹೇಳೋಕೆ ಬಾಯಿ ಬರಲ್ವಾ?”

ಗೂಳಿ, ಆ ಏಟು ಸರಿಯಾಗಿ ಬಿತ್ತು. ಮೊಳಕೈ ಏಟಿಗಿಂತ ಜೋರಾಗಿ ಬಿತ್ತು. ಅದಕ್ಕೆ ಉತ್ತರ ಹುಡುಕುತ್ತಾ ದಿನಗಟ್ಟಲೆ ಕೂತಿದ್ದೇನೆ. ಕವಿತೆಯಲ್ಲಿ ನೂರು ಅರ್ಥಕ್ಕೆ ಜಾಗವಿದೆ, ನಿಜ. ಅಲ್ಲಿ ನಾನು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೆ ಯಾರ ಪಾದವೂ ಬೂಟಿನಲ್ಲಿ ಉಳಿದುಹೋಗುವುದಿಲ್ಲ. ಆಸ್ಪತ್ರೆಯಲ್ಲಿ ಯಾರದೋ ಮಗು ಮಲಗಿದೆ, ಅದರ ತಲೆಯ ಹತ್ತಿರ ನಿಮ್ಮ ಬಣ್ಣ ಬಳಿದ ಸಿಲಿಂಡರ್ ನಿಂತಿದೆ. ಅದಕ್ಕೆ ಎರಡೇ ಅರ್ಥ. ತಡೆಯುತ್ತದೆ, ಇಲ್ಲವೇ ಸಿಡಿಯುತ್ತದೆ.

ಆದರೂ ನಾನು ಬರೆದುಕೊಡುತ್ತಿದ್ದೆನೇನೋ. ಸುಳ್ಳು ಹೇಳುವುದಿಲ್ಲ. ನಿನ್ನ ಋಣ ನನ್ನ ಮೇಲೆ ಸಣ್ಣದಲ್ಲ. ವಕೀಲರ ಹಾಳೆಯ ಎರಡನೆಯ ಮಾತು ಓದದೆ ಇದ್ದಿದ್ದರೆ, ಆ ‘ಎಡವಿ ಬಿದ್ದಳು’ ಎಂಬುದು ಅಲ್ಲಿ ಇಲ್ಲದಿದ್ದರೆ, ನನ್ನ ಪೆನ್ನು ಎಲ್ಲಿಗೆ ಹೋಗುತ್ತಿತ್ತೋ ನನಗೆ ತಿಳಿಯದು.

ಆ ಮಾತನ್ನು ನೀನು ಮರೆತಿದ್ದೀಯಾ? ನಾನು ಮದುವೆಯಾಗಿ ಹೋಗಿದ್ದ ಆ ಮನೆಯಲ್ಲಿ, ನನ್ನ ಮಣಿಕಟ್ಟು ಮುರಿದಾಗ, ಗಂಡನೆಂಬುವನು ವೈದ್ಯರ ಮುಂದೆ ಹೇಳಿದ್ದು ಅದೇ: ಮೆಟ್ಟಿಲಲ್ಲಿ ಎಡವಿ ಬಿದ್ದಳು. ನಾನೂ ಅದನ್ನೇ ಹೇಳಿದೆ. ಅಮ್ಮನೂ ಅದನ್ನೇ ನಂಬಿದರು, ಅಥವಾ ನಂಬುವುದು ಸುಲಭವಾಯಿತು. ನೆರೆಯವರು, ಅತ್ತೆ, ಎಲ್ಲರೂ “ಸ್ವಲ್ಪ ನೋಡಿಕೊಂಡು ನಡೀಬಾರದೇನಮ್ಮ” ಅಂದರು. ಆಗಿನ್ನೂ ಮೀಸೆ ಸರಿಯಾಗಿ ಮೂಡಿರದ ನೀನು ಒಬ್ಬನೇ ಬಾಗಿಲಲ್ಲಿ ನಿಂತು ಕೇಳಿದೆ: “ಯಾವ ಮೆಟ್ಟಿಲು ಅಕ್ಕಾ? ಬಾ, ನನಗೆ ತೋರ್ಸು.” ಆ ಮನೆಗೆ ಮೆಟ್ಟಿಲೇ ಇರಲಿಲ್ಲ. ಒಂದು ಹೊಸ್ತಿಲು, ಅಷ್ಟೇ. ನೀನು ಹೊರಗೆ ಹೋಗಿ ನೋಡಿಕೊಂಡು ಒಳಗೆ ಬಂದೆ, ಊಟ ಮಾಡುತ್ತಿದ್ದ ಅವನನ್ನು ತಟ್ಟೆಯ ಮುಂದಿನಿಂದ ಎಳೆದು ಗೋಡೆಗೆ ಒತ್ತಿ ಮೂಗು ಒಡೆದೆ, ತೋಳು ತಿರುಚಿ ಭುಜದ ಕೀಲು ತಪ್ಪಿಸಿದೆ. ಅವನು ಊಳಿಡುತ್ತಿದ್ದ. ನೀನು ನನ್ನ ಬಟ್ಟೆಯ ಗಂಟು ಎತ್ತಿಕೊಂಡು, “ನಡಿ ಅಕ್ಕಾ, ಇಲ್ಲಿ ನಿನಗೆ ಎಡವೋಕೆ ಏನೂ ಇಲ್ಲ” ಅಂದೆ.

ಆಮೇಲೆ ನಾನು ಎಂ.ಎ. ಮುಗಿಸಿದ್ದು, ಕಾಲೇಜು ಸೇರಿದ್ದು, ಈ ಕಪಾಟು, ಈ ಪುಸ್ತಕಗಳು, ಬೆಳಗ್ಗೆ ಕಿಟಕಿಯ ಪಕ್ಕ ಕೂತು ಒಂದು ಸಾಲನ್ನು ಮೂರು ಸಲ ಓದುವ ಸುಖ, ಎಲ್ಲವೂ ಆ ದಿನ ನೀನು ಕೇಳಿದ ಆ ಒಂದು ಪ್ರಶ್ನೆಯಿಂದ ಬಂದದ್ದು. ನಿನ್ನ ಮುಷ್ಟಿಯಿಂದ ಬಂತು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ನೀನೂ ಹಾಗೇ ಅಂದುಕೊಂಡೆ, ಅಲ್ಲವೇ? ಅಂದಿನಿಂದ ನಿನಗೆ ಮುಷ್ಟಿಯ ಮೇಲೆ ನಂಬಿಕೆ ಬಂತು. ಬಸ್ಸಿನಲ್ಲಿ ನನ್ನನ್ನು ಮುಟ್ಟಿದವನ ಬೆರಳು ಮುರಿದೆ, ಬಾಡಿಗೆ ಮನೆಯವನ ದವಡೆ ಒಡೆದೆ, ಪ್ರತಿ ಸಲವೂ ಎಲ್ಲರೂ “ತಮ್ಮ ಅಂದ್ರೆ ಹೀಗಿರಬೇಕು” ಅಂದರು. ಆದರೆ ನನ್ನನ್ನು ಆ ಮನೆಯಿಂದ ಹೊರಗೆ ತಂದದ್ದು ಮುಷ್ಟಿಯಲ್ಲ. ಎಲ್ಲರೂ ಒಪ್ಪಿಕೊಂಡ ಒಂದು ಸುಳ್ಳನ್ನು ನೀನೊಬ್ಬ ಒಪ್ಪಲಿಲ್ಲ, ಅದು. ಮೂಗು ಒಡೆಯದೆ ಇದ್ದಿದ್ದರೂ ನಾನು ಅಂದು ನಿನ್ನ ಹಿಂದೆ ಬರುತ್ತಿದ್ದೆ.

ಹಾಗಾಗಿ ವಕೀಲರು ಮತ್ತೆ ಬಂದಾಗ ಅವರ ಹಾಳೆಯಲ್ಲಿ ಸಹಿ ಹಾಕಿರಲಿಲ್ಲ. ಹರಿಯಲೂ ಇಲ್ಲ, ಮಡಚಿ ಅವರ ಕೈಗೇ ಕೊಟ್ಟೆ. “ನಿಮ್ಮ ತಮ್ಮ ಮೇಡಂ” ಅಂದರು. “ಅದನ್ನ ನೀವು ನನಗೆ ಪರಿಚಯ ಮಾಡಿಸಬೇಡಿ” ಅಂದೆ.

ಸೋಮವಾರ ಹೇಳುವುದನ್ನು ಈಗ ನಿನಗೆ ಹೇಳುತ್ತೇನೆ. ಹುಡುಗಿಯ ವಾಕ್ಯ ಸರಿಯಾಗಿತ್ತು, ಅವಳಿಗೆ ಅದರ ಅರ್ಥ ಪೂರ್ತಿ ಗೊತ್ತಿತ್ತು, ನಾನೇ ನೋಡಿ ಸರಿ ಎಂದಿದ್ದೆ ಎಂದು ಹೇಳುತ್ತೇನೆ. ನೀನು ಬರೆಯಿಸಲು ಹೊರಟ ಮಾತು ಯಾವುದು, ಅವಳು ಏನು ಅಂದಳು, ನೀನು ಎಲ್ಲೆಲ್ಲಿ ಹೊಡೆದೆ, ಎಷ್ಟು ಹೊತ್ತು ಒದ್ದೆ, ಎಲ್ಲವನ್ನೂ ಹೇಳುತ್ತೇನೆ. ಅವಳು ಎಡವಲಿಲ್ಲ ಎಂದು ಹೇಳುತ್ತೇನೆ. ಅಚ್ಚು ಹೊಡೆದು ಹೊರಗೆ ಕಳಿಸಿದ ಪ್ರತಿಯೊಂದು ಸಿಲಿಂಡರನ್ನೂ ವಾಪಸು ತರಿಸಿ ಎಂದು, ಅದು ನನ್ನ ಕೆಲಸ ಅಲ್ಲದಿದ್ದರೂ, ಕೈಮುಗಿದು ಕೇಳುತ್ತೇನೆ. ನೀನು ಕೆಟ್ಟವನೇ ಎಂದು ಅವರು ಕೇಳಿದರೆ, ಕೆಲಸ ಬಲ್ಲವನು, ಆತುರಕ್ಕೆ ಒಂದು ತಪ್ಪು ಮಾಡಿದ, ಆ ತಪ್ಪು ಕಂಡವಳನ್ನು ಕೊಲ್ಲಲು ಹೋದ ಎನ್ನುತ್ತೇನೆ. ನಿನ್ನ ಮುಖ ಶಾಂತವಾಗಿತ್ತು ಎಂಬುದನ್ನೂ ಹೇಳುತ್ತೇನೆ. ಅದು ನಿನಗೆ ಎಲ್ಲಕ್ಕಿಂತ ಕೇಡು ಮಾಡುತ್ತದೆ ಎಂದು ತಿಳಿದೇ ಹೇಳುತ್ತೇನೆ.

ಇದನ್ನು ಓದುವಾಗ ನಿನ್ನ ಕೈ ಗೋಡೆಗೆ ಹೋಗುತ್ತದೆ, ನನಗೆ ಗೊತ್ತು. ಹೊಡೆದುಕೋ. ನಾನು ನಿನಗೆ ಸತ್ತೆ ಎಂದು ಹೇಳಿಕಳಿಸುತ್ತೀಯೇನೋ. ಹೇಳಿಕಳಿಸು, ಅದನ್ನೂ ಕೇಳಿಸಿಕೊಳ್ಳುತ್ತೇನೆ. ನಿನ್ನ ಹೆಂಡತಿ ಒಂಟಿಯಾಗದ ಹಾಗೆ ನೋಡಿಕೊಳ್ಳುತ್ತೇನೆ. ಅವಳು ನನ್ನನ್ನು ಬಾಗಿಲಿಂದ ಆಚೆ ನಿಲ್ಲಿಸಿದರೆ ಆಚೆ ನಿಂತೇ ನೋಡಿಕೊಳ್ಳುತ್ತೇನೆ.

ಒಂದು ಮಾತು ಉಳಿಯಿತು. ಸಾಕ್ಷಿ ಹೇಳಲು ನಿಂತವರನ್ನು ಮೊದಲು ಕೇಳುವುದು, ಅಲ್ಲಿ ಕೂತಿರುವ ಆಪಾದಿತ ನಿಮಗೆ ಏನಾಗಬೇಕು ಎಂದಂತೆ. ಇಲ್ಲಿ ಕಿಟಕಿಯ ಬಳಿ ಕೂತು ಅದಕ್ಕೆ ಉತ್ತರ ಹೇಳಿ ಹೇಳಿ ನೋಡಿದೆ. ಹಲ್ಲು ಹೋದ ಬಾಯಿಯಲ್ಲೂ ಆ ಪದ ಚೂರೂ ಸೋರುವುದಿಲ್ಲ, ಸ್ಪಷ್ಟವಾಗಿ ಬರುತ್ತದೆ. ತಮ್ಮ. ಅದನ್ನು ಎಲ್ಲಕ್ಕಿಂತ ಮೊದಲು ಹೇಳುತ್ತೇನೆ, ಎಲ್ಲರಿಗೂ ಕೇಳುವ ಹಾಗೆ, ನಿನ್ನನ್ನೇ ನೋಡಿಕೊಂಡು. ಉಳಿದದ್ದೆಲ್ಲ ಅದರ ನಂತರ. ಆ ಹೊತ್ತಿನಲ್ಲಿ ನೀನು ಮುಖ ತಿರುಗಿಸಬೇಡ. ನಾನೂ ತಿರುಗಿಸುವುದಿಲ್ಲ.

ಯಾರ ಮೈಯನ್ನೂ ನೋಯಿಸದ ಒಂದು ದಿನ ನಿನಗೆ ಬರಲಿ, ಅದರ ಮರುದಿನವೂ ಅಂಥದ್ದೇ ಆಗಲಿ ಎಂದು ಹರಸುತ್ತಾ,

ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ ಇದನ್ನೆಲ್ಲ ಹೇಳಬೇಕಾದ,
ನಿನ್ನ ಅಕ್ಕ